ಹಣಿಕಿ ಹಾಕಬ್ಯಾಡ್ರಿ ಮಾಮ!

ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ನಾವು. ಪುಸ್ತಕಗಳಲ್ಲಿ ಇದಕ್ಕೆ ರಾಯಚೂರು ದೋಆಬ್ ಎಂದು ಹೆಸರು. ಚೋಳರು ಬಂದರು, ಚಾಲುಕ್ಯರು ಬಂದರು, ಬಹಮನಿಯವರು, ವಿಜಯನಗರದವರು, ಆದಿಲ್‌ಶಾಹಿಯವರು ಪಾಳಿ ಹಚ್ಚಿ ಬಂದು ಇಲ್ಲೇ ಹೊಡೆದಾಡಿದರು. ಆ ಹೊತ್ತಿನಲ್ಲಿ ಊರಿನವರು ಏನು ಮಾಡುತ್ತಿದ್ದರು ಎಂದು ಯಾವ ಶಾಸನವೂ ಹೇಳುವುದಿಲ್ಲ. ಗೋಡೆಯ ಹಿಂದೆ ಕುಂತಿದ್ದರು ಎಂಬುದು ನನ್ನ ಅಂದಾಜು. ಕುಂತವರು ಉಳಿದರು, ಉಳಿದವರ ಸಂತಾನ ನಾವು. ಸಿಂಧನೂರಿನ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತ ತಲೆ ಬೆಳ್ಳಗೆ ಮಾಡಿಕೊಂಡ ನಾನು ಬಿಜಿಎಂಐ ಎಂಬ ಮೊಬೈಲ್ ಆಟದಲ್ಲಿ ಎದುರಾಳಿಯ ಜೊತೆ ಗುದ್ದಾಡುವ ವಿದ್ಯೆ ಕಲಿಯಲು ಹೊರಟಾಗ ಕೈಯಲ್ಲಿದ್ದ ಬಂಡವಾಳ ಇದೊಂದೇ: ವಂಶಪಾರಂಪರ್ಯವಾಗಿ ಬಂದ ಅಡಗುವ ಗುಣ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನೂರು ಮಂದಿಯನ್ನು ವಿಮಾನದಲ್ಲಿ ತುಂಬಿ ಒಂದು ದ್ವೀಪದ ಮೇಲೆ ಹಾಯಿಸುತ್ತಾರೆ. ಬೇಕಾದಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯಬೇಕು. ಕೈ ಖಾಲಿ. ಕಂಡ ಮನೆ ಹೊಕ್ಕು ಬಂದೂಕು, ಗುಂಡು, ಹೆಲ್ಮೆಟ್ಟು, ಬ್ಯಾಂಡೇಜು ಹೆಕ್ಕಿಕೊಳ್ಳಬೇಕು. ಇದಕ್ಕೆ ಲೂಟ್ ಎಂದೇ ಹೆಸರು, ಮುಚ್ಚುಮರೆ ಏನಿಲ್ಲ. ಅಷ್ಟರಲ್ಲಿ ಸುತ್ತಲಿಂದ ನೀಲಿ ಗೆರೆಯೊಂದು ಒಳಕ್ಕೆ ಸರಿಯತೊಡಗುತ್ತದೆ. ಗೆರೆಯ ಹೊರಗೆ ಉಳಿದವನ ಜೀವ ಸೋರತೊಡಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಟೇಲ್‌ಎಂಡ್ ರೈತನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಬೇಸಿಗೆ ಬಂತೆಂದರೆ ನೀರು ಬರುವ ಗೆರೆ ತನ್ನ ಹೊಲ ಬಿಟ್ಟು ಮೇಲಕ್ಕೆ ಸರಿಯುವುದನ್ನು ಅವನು ಬದುವಿನ ಮೇಲೆ ನಿಂತು ನೋಡಿದವನೇ. ಎಂಟು ಕಿಲೋಮೀಟರ್ ಉದ್ದಗಲದ ಎರಾಂಗೆಲ್ ದ್ವೀಪ ಹೀಗೆ ಕುಗ್ಗಿ ಕುಗ್ಗಿ ನಾಲ್ಕು ಹೆಜ್ಜೆ ಜಾಗ ಆದಾಗ ಯಾರು ಉಳಿದರೋ ಅವರು ಗೆದ್ದಂತೆ.

ಈ ಆಟದ ಅಜ್ಜನ ಕತೆ ನನಗೆ ಇಷ್ಟ. ಡೀನ್ ಹಾಲ್ ಎಂಬವನು ನ್ಯೂಜಿಲೆಂಡಿನ ಸೈನ್ಯದಲ್ಲಿದ್ದ. ಬ್ರುನೈ ಕಾಡಿನಲ್ಲಿ ತಿನ್ನಲಿಕ್ಕಿಲ್ಲದೆ ಬದುಕುವ ತರಬೇತಿಯಲ್ಲಿ ಒದ್ದಾಡಿದ ಅನುಭವದ ಮೇಲೆ ಅವನು 2012ರಲ್ಲಿ ಡೇಝೀ ಎಂಬ ಆಟ ಕಟ್ಟಿದ. ಅದರಲ್ಲಿ ಹೆಣಗಳು ಎದ್ದು ಓಡಾಡುತ್ತವೆ, ಆದರೆ ಆಡಿದವರೆಲ್ಲ ಹೆಚ್ಚು ಹೆದರಿದ್ದು ಹೆಣಗಳಿಗಲ್ಲ, ಬೀನ್ಸ್ ಡಬ್ಬಿಗಾಗಿ ಹಿಂದಿನಿಂದ ಬಂದು ಹೊಡೆಯುವ ಜೀವಂತ ಮನುಷ್ಯರಿಗೆ. ಅದೇ ಆಟವನ್ನು ತಿದ್ದುತ್ತ ಕುಳಿತ ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವನು 2000ದ ಜಪಾನಿ ಚಿತ್ರ ‘ಬ್ಯಾಟಲ್ ರಾಯಲ್’ನಿಂದ ಕೊನೆಗೊಬ್ಬ ಉಳಿಯುವ ಕಲ್ಪನೆ ಎತ್ತಿಕೊಂಡ. 2017ರಲ್ಲಿ ಪಬ್‌ಜಿ ಬಂತು, ಮರುವರ್ಷ ಮೊಬೈಲಿಗೆ ಇಳಿಯಿತು, ಇಳಿದದ್ದೇ ನೇರ ನಮ್ಮ ಹನುಮಪ್ಪನ ಗುಡಿ ಕಟ್ಟೆಗೆ ಬಂದು ಕುಂತಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪುಗಳಲ್ಲಿ ಅದೂ ಒಂದು. 2021ರ ಜುಲೈ 2ಕ್ಕೆ ಬಿಜಿಎಂಐ ಎಂದು ಹೆಸರು ಬದಲಿಸಿ ಬಂತು. 2022ರ ಜುಲೈಯಲ್ಲಿ ಮತ್ತೆ ಮಾಯ. 2023ರ ಮೇ ತಿಂಗಳಲ್ಲಿ ಮತ್ತೆ ಹಾಜರು. ನಮ್ಮ ದೋಆಬಿನ ಮುದಗಲ್ಲ ಕೋಟೆ ಕೂಡ ಇಷ್ಟು ಬೇಗ ಬೇಗ ಕೈ ಬದಲಾಯಿಸಿರಲಿಕ್ಕಿಲ್ಲ.

ನಾನು ಇದರೊಳಗೆ ಇಳಿದದ್ದು ಸ್ವಂತ ಆಸೆಯಿಂದಲ್ಲ, ನೇಮಕಾತಿಯ ಮೇಲೆ. ಲಿಂಗಸುಗೂರಿನ ನನ್ನ ಅಕ್ಕನ ಮಗ ಡಿಗ್ರಿ ಎರಡನೇ ವರ್ಷ. ಮನೆಯಲ್ಲಿ ಒಂದು ಮಾತಿಗೆ ಒಂದೇ ಅಕ್ಷರದಲ್ಲಿ ಉತ್ತರ ಕೊಡುವ ಹುಡುಗ ರಾತ್ರಿ ಹತ್ತರ ಮೇಲೆ ಕೋಣೆ ಬಾಗಿಲು ಹಾಕಿಕೊಂಡು ತಾಸುಗಟ್ಟಲೆ ಮಾತಾಡುತ್ತಾನೆ, ಅದೂ “ಹೊಡಿ, ಬಿಡಬ್ಯಾಡ, ಮನಿ ಹಿಂದ ಅದಾನ” ಎಂಬಂಥ ಮಾತು. ಅಕ್ಕ ಫೋನು ಮಾಡಿದಳು. “ತಮ್ಮಾ, ನೀನೇ ಒಳಗ ಹೊಕ್ಕು ನೋಡಪಾ, ಯಾರ ಜೋಡಿ ಜಗಳಾಡಕತ್ತಾನ ಅಂತ. ನೀ ಓದಿದಾಂವ.” ಗೂಢಚಾರನಾಗಿ ಹೋದವನು ಶತ್ರುಪಾಳೆಯದಲ್ಲೇ ನೌಕರಿ ಹಿಡಿದ ಉದಾಹರಣೆಗಳು ನಮ್ಮ ಇತಿಹಾಸದಲ್ಲಿ ಬೇಕಾದಷ್ಟಿವೆ.

ನಮ್ಮ ಸ್ಕ್ವಾಡು ಹೀಗಿತ್ತು: ಸಿಂಧನೂರಿನಿಂದ ನಾನು, ಮಸ್ಕಿಯಿಂದ ನನ್ನ ಹಳೆಯ ಸಹಪಾಠಿ, ಲಿಂಗಸುಗೂರಿನಿಂದ ಅಳಿಯ. ಮೂರೂ ಊರು 150ಎ ಹೆದ್ದಾರಿಯ ಮೇಲೆ ಒಂದರ ಹಿಂದೊಂದು ಇರುವುದರಿಂದ ಆಟದೊಳಗೂ ನಾವು ಅದೇ ಕ್ರಮದಲ್ಲಿ ಸಾಲಾಗಿ ಓಡುತ್ತಿದ್ದೆವು ಎಂದು ಅಳಿಯನ ದೂರು. ನಾಲ್ಕನೆಯವನು ಆಟವೇ ಎಲ್ಲಿಂದಲೋ ಎತ್ತಿ ತಂದು ಕೊಡುವ ಅಪರಿಚಿತ. ಅವನು ಹಿಂದಿಯಲ್ಲಿ ಬೈಯುತ್ತಾನೆ, ಬೇಗ ಸಾಯುತ್ತಾನೆ, ಸತ್ತ ಮೇಲೂ ಬೈಯುತ್ತಾನೆ.

ಮೊದಲ ದಿನಗಳು ಬಹಳ ಸುಖದಲ್ಲಿ ಕಳೆದವು. ಕಂಡವರನ್ನೆಲ್ಲ ಹೊಡೆದೆ. ಕಾಲೇಜಿನ ಸ್ಟಾಫ್‌ರೂಮಿನಲ್ಲಿ ನನ್ನ ನಡಿಗೆಯೇ ಬದಲಾಗಿತ್ತು. ಅಳಿಯನಿಗೆ ಹೇಳಿದರೆ ಅವನು ನಕ್ಕ.

“ಮಾಮ, ಅವು ಮನಷ್ಯಾರು ಅಲ್ರಿ, ಬಾಟ್. ನಿಂತಲ್ಲೇ ನಿಂತು ಹೊಡಸ್ಕೊಳ್ಳಾಕ ಕಂಪನಿಯಾವ್ರು ಇಟ್ಟಿರ್ತಾರ. ಹೊಸದಾಗಿ ಬಂದಾವ್ರು ಬ್ಯಾಸ್ರ ಮಾಡ್ಕೊಂಡು ಹೋಗಬಾರ್ದಲ್ಲ, ಅದಕ್ಕ.”

“ಏನಾರ ಇರ್ಲಿ, ಸತ್ತವೋ ಇಲ್ಲೋ?”

“ಸತ್ತ ಅನ್ನಂಗಿಲ್ರಿ ಈ ಆಟದಾಗ. ಫಿನಿಶ್ ಅನಬೇಕು.”

ಇದು ನಿಜ. ಬಿಜಿಎಂಐನಲ್ಲಿ ಯಾರೂ ಸಾಯುವುದಿಲ್ಲ, ಮುಗಿಯುತ್ತಾರೆ. ರಕ್ತದ ಬಣ್ಣವೂ ಹಸಿರು ಮಾಡಿಕೊಂಡೇ ಬಂದಿತ್ತು. ಇಷ್ಟೊಂದು ಸಂಕೋಚ ಇಟ್ಟುಕೊಂಡು ಇಷ್ಟೊಂದು ಗುಂಡು ಹಾರಿಸುವ ಆಟ ಇನ್ನೊಂದಿಲ್ಲ. ಬ್ರಾಂಝಿನಿಂದ ಸಿಲ್ವರು, ಗೋಲ್ಡು, ಪ್ಲ್ಯಾಟಿನಂ ಎಂದು ಮೆಟ್ಟಿಲು ಹತ್ತಿದಂತೆ ಬಾಟ್‌ಗಳು ಕಡಿಮೆಯಾಗಿ ಮನುಷ್ಯರು ಹೆಚ್ಚಾದರು. ಮನುಷ್ಯರು ನಿಂತಲ್ಲೇ ನಿಲ್ಲಲಿಲ್ಲ.

ಅಳಿಯ ನನ್ನನ್ನು ವೇರ್‌ಹೌಸಿಗೆ ಕರೆದೊಯ್ದ. ಟಿಡಿಎಂ ಎಂಬ ಅಂಗಸಾಧನೆ ಅಲ್ಲಿ ನಡೆಯುತ್ತದೆ. ಒಂದು ಗೋದಾಮು, ಆ ಕಡೆ ನಾಲ್ವರು ಈ ಕಡೆ ನಾಲ್ವರು, ಸತ್ತರೆ ಕೂಡಲೇ ಮತ್ತೆ ಹುಟ್ಟುವುದು, ಯಾರು ಮೊದಲು ನಲವತ್ತು ಹೊಡೆದರೋ ಅವರದು ಗೆಲುವು. ಪುನರಪಿ ಜನನಂ ಪುನರಪಿ ಮರಣಂ ಎಂಬುದನ್ನು ಇಷ್ಟು ವೇಗವಾಗಿ ಯಾವ ಮಠದಲ್ಲೂ ಕಲಿಸಲಾರರು. ಬಂದೂಕು ಹಾರಿಸಿದರೆ ಅದರ ಮೂತಿ ಮೇಲಕ್ಕೆ ಎಗರುತ್ತದೆ, ಹೆಬ್ಬೆರಳಿನಿಂದ ಪರದೆಯನ್ನು ಕೆಳಕ್ಕೆ ಎಳೆಯುತ್ತಲೇ ಇರಬೇಕು. ಎಕೆಎಂಗೆ 7.62ರ ಗುಂಡು, ಪೆಟ್ಟು ದೊಡ್ಡದು, ಎಗರಾಟವೂ ದೊಡ್ಡದು. ಎಂ416ಕ್ಕೆ 5.56; ಪೆಟ್ಟು ಸ್ವಲ್ಪ ಕಮ್ಮಿ, ಆದರೆ ಕಾಂಪೆನ್ಸೇಟರು ಮತ್ತು ವರ್ಟಿಕಲ್ ಗ್ರಿಪ್ ಹಚ್ಚಿದರೆ ಮಾತು ಕೇಳುತ್ತದೆ. ಇದು ಸಿದ್ಧಾಂತ. ಪ್ರಯೋಗದಲ್ಲಿ ನನ್ನ ಗುಂಡುಗಳು ಎದುರಾಳಿಯ ಮೊಣಕಾಲಿನಿಂದ ಹೊರಟು ಭುಜ ದಾಟಿ ಗೋದಾಮಿನ ತಗಡಿನ ಮಾಡನ್ನು ಸೋಸುತ್ತಿದ್ದವು.

“ಎರಡು ಬೆರಳಿಲೆ ಆಡಿದ್ರ ಆಗಂಗಿಲ್ರಿ. ನಾಕು ಬೆರಳ ಬೇಕು. ಕ್ಲಾ ಹಿಡೀರಿ,” ಎಂದ ಅಳಿಯ. ಕ್ಲಾ ಎಂದರೆ ಎರಡು ಹೆಬ್ಬೆರಳು ಪರದೆಯ ಕೆಳಗೆ, ಎರಡು ತೋರುಬೆರಳು ಮಡಚಿಕೊಂಡು ಪರದೆಯ ಮೇಲಂಚಿನಲ್ಲಿ. ಓಡುವುದು ಒಂದು ಬೆರಳು, ಗುರಿ ಇನ್ನೊಂದು, ಗುಂಡು ಮತ್ತೊಂದು, ಬಾಗುವುದು ಮಗದೊಂದು. ಅದೂ ಸಾಲದೆಂದು ಜೈರೋಸ್ಕೋಪು: ಫೋನನ್ನು ವಾಲಿಸಿದತ್ತ ಗುರಿ ವಾಲುತ್ತದೆ. ಇದನ್ನು ಬಸ್ಸಿನಲ್ಲಿ ಮಸ್ಕಿಗೆ ಹೋಗುವಾಗ ಪ್ರಯೋಗಿಸಿದೆ. ಬಸ್ಸು ತಗ್ಗಿಗೆ ಇಳಿದಾಗ ನನ್ನ ಗುರಿ ಆಕಾಶಕ್ಕೆ ಹೋಯಿತು, ಪಕ್ಕದ ಸೀಟಿನ ಮುದುಕ ನನ್ನ ಮಡಚಿದ ಬೆರಳುಗಳನ್ನು ನೋಡಿ ವಾಯುವಿಗೆ ಒಳ್ಳೆಯ ಎಣ್ಣೆ ಎಲ್ಲಿ ಸಿಗುತ್ತದೆಂದು ಹೇಳಿದ.

ಇನ್ನು ಸಿಂಧನೂರಿನ ಬಿಸಿಲು. ಏಪ್ರಿಲ್ ಬಂತೆಂದರೆ ನಲವತ್ತು ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಹೆಬ್ಬೆರಳು ಬೆವೆತು ಪರದೆಗೆ ಅಂಟುತ್ತದೆ. ಎಳೆಯಬೇಕಾದಲ್ಲಿ ನಿಲ್ಲುತ್ತದೆ, ನಿಲ್ಲಬೇಕಾದಲ್ಲಿ ಜಾರುತ್ತದೆ. ಗುಡಿ ಕಟ್ಟೆಯ ಹುಡುಗರದು ಈ ವಿಷಯದಲ್ಲಿ ದೊಡ್ಡ ಶಾಸ್ತ್ರ. ಅವರಲ್ಲೊಬ್ಬ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ಇಟ್ಟುಕೊಂಡಿರುತ್ತಾನೆ. ಮ್ಯಾಚು ಶುರುವಾಗುವ ಮುಂಚೆ ಎಲ್ಲರೂ ಅಂಗೈ ಚಾಚುತ್ತಾರೆ, ಅವನು ತೀರ್ಥ ಕೊಟ್ಟಂತೆ ಒಂದೊಂದು ಚಿಟಿಕೆ ಹಾಕುತ್ತಾನೆ. ಉಳ್ಳವರು ಮೊಬೈಲ್ ಅಂಗಡಿಯಲ್ಲಿ ಸಿಗುವ ಬೆರಳ ಟೋಪಿ ತೊಡುತ್ತಾರೆ. ಸಣ್ಣ ಕಪ್ಪು ಬಟ್ಟೆಯದು, ಉಗುರಿನ ತನಕ ಬರುತ್ತದೆ. ಫೋನು ಕಾದು ಆಟ ತಡವರಿಸತೊಡಗಿದಾಗ ಒಬ್ಬ ಎದ್ದು ಕೂಲರಿನ ಮುಂದೆ ಫೋನು ಹಿಡಿದು ನಿಂತೇ ಆಡುತ್ತಾನೆ, ಉಳಿದವರು ಕುಂತಲ್ಲಿಂದಲೇ ದಿಕ್ಕು ಕೂಗುತ್ತಾರೆ. ಪರದೆಯ ನೆತ್ತಿಯಲ್ಲಿ ದಿಕ್ಸೂಚಿ ಇರುತ್ತದೆ, ಶತ್ರು ಎಲ್ಲಿ ಕಂಡ ಎಂಬುದನ್ನು ಡಿಗ್ರಿಯಲ್ಲಿ ಹೇಳಬೇಕು. “ಟೂ ಫಾರ್ಟಿ! ಟೂ ಫಾರ್ಟಿ ಲೇ! ಇಬ್ರು ಅದಾರ!” ಎಂದು ಅವರು ಅರಚುವಾಗ ಎಪಿಎಂಸಿಯಿಂದ ನೆಲ್ಲು ಮಾರಿ ಬರುತ್ತಿದ್ದ ರೈತನೊಬ್ಬ ಸೈಕಲ್ಲು ನಿಲ್ಲಿಸಿ, “ಯಾವ ಮಾಲಿನ ರೇಟಪಾ ಅದು? ಏರೇತೋ ಇಳದೈತೋ?” ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಹುಡುಗ ತಲೆ ಎತ್ತದೆ, “ಸರ್ಕೋತ ಟೂ ಫಿಫ್ಟಿಗೆ ಹೊಂಟೈತಿ ಕಾಕಾ,” ಎಂದ. ರೈತ ಸಮಾಧಾನದಿಂದ ಮುಂದೆ ಹೋದ.

ಬೆರಳಿನ ವೇಗದ ವಿಷಯವನ್ನು ನಾನು ಓದಿ ಇತ್ಯರ್ಥ ಮಾಡಿಕೊಂಡೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಟಾರ್‌ಕ್ರಾಫ್ಟ್ 2 ಎಂಬ ಆಟದ 3,305 ಆಟಗಾರರನ್ನು ಅಳೆದು 2014ರಲ್ಲಿ ಪ್ರಕಟಿಸಿದ ಪ್ರಕಾರ, ಕಂಡದ್ದಕ್ಕೆ ಪ್ರತಿಕ್ರಿಯಿಸುವ ಚುರುಕು ಇಳಿಯತೊಡಗುವುದು ಇಪ್ಪತ್ತನಾಲ್ಕನೇ ವಯಸ್ಸಿನಿಂದ. ಇಪ್ಪತ್ತನಾಲ್ಕು! ನನಗೆ ಆಗ ಮದುವೆಯೂ ಆಗಿರಲಿಲ್ಲ, ನೌಕರಿಯೂ ಸಿಕ್ಕಿರಲಿಲ್ಲ, ಇಳಿಗಾಲ ಶುರುವಾಗಿತ್ತು. ಆದರೆ ಅದೇ ಸಂಶೋಧಕರು ಇನ್ನೊಂದು ಮಾತನ್ನೂ ಬರೆದಿದ್ದಾರೆ: ವಯಸ್ಸಾದವರು ಕಳಕೊಂಡ ವೇಗವನ್ನು ಸರಳ ತಂತ್ರಗಳಿಂದ ಸರಿದೂಗಿಸಿಕೊಳ್ಳುತ್ತಾರಂತೆ. ಇದನ್ನು ಅಳಿಯನಿಗೆ ಓದಿ ಹೇಳಿದೆ. “ಸರಳ ತಂತ್ರ ಅಂದ್ರ ಏನ್ರಿ ಮಾಮ?” ಎಂದ. “ನೀ ಮುಂದ ಹೋಗು, ನಾ ಹಿಂದ ಬರ್ತೀನಿ,” ಎಂದೆ.

ಮೊದಲ ಸರಳ ತಂತ್ರ ಸಿಕ್ಕಿದ್ದು ಅಡುಗೆಮನೆಯಿಂದ. ಈ ಆಟದಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ಓಡಿದರೆ ಸಪ್ಪಳ ದೂರ ಹೋಗುತ್ತದೆ, ಕುಕ್ಕರಗಾಲಿನಲ್ಲಿ ಸರಿದರೆ ಕಡಿಮೆ. ಕಟ್ಟಿಗೆಯ ನೆಲದ ಸಪ್ಪಳ ಬೇರೆ, ಸಿಮೆಂಟಿನದು ಬೇರೆ, ಹುಲ್ಲಿನದು ಬೇರೆ. ಬಂದೂಕಿನ ಕಸರತ್ತು ಎಷ್ಟೇ ಇರಲಿ, ಎದುರಾಳಿ ಎಲ್ಲಿಂದ ಬರುತ್ತಿದ್ದಾನೆಂದು ಎರಡು ಕ್ಷಣ ಮೊದಲೇ ಗೊತ್ತಾದವನು ಗೆದ್ದಂತೆಯೇ. ನನ್ನ ಇಯರ್‌ಫೋನಿನ ಎಡಗಿವಿ ಸತ್ತು ಹೋಗಿದ್ದರಿಂದ ನನ್ನ ಶತ್ರುಗಳೆಲ್ಲ ಬಲಗಡೆಯಿಂದಲೇ ಬರುತ್ತಿದ್ದರು. ಒಂದು ರಾತ್ರಿ ಬಲಗಿವಿಯೂ ಹೋಯಿತು. ಸ್ಪೀಕರ್ ಹಾಕಿಕೊಂಡು ಆಟದ ದ್ವೀಪದ ಪೋಚಿಂಕಿ ಎಂಬ ಊರಿನ ಎರಡಂತಸ್ತಿನ ಮನೆಯೊಂದರಲ್ಲಿ ಬ್ಯಾಂಡೇಜು ಸುತ್ತಿಕೊಳ್ಳುತ್ತ ಕುಂತಿದ್ದೆ. ಒಳಗೆ ಮನೆಯಾಕೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು.

“ರೀ, ಯಾರೋ ಮೆಟ್ಲ ಹತ್ತಾಕತ್ತಾರ ನೋಡ್ರಿ.”

ನಾನು ಎದ್ದು ನಮ್ಮ ಮಾಳಿಗೆಯ ಕಡೆ ನೋಡಿದೆ.

“ಅಲ್ಲಲ್ರಿ, ನಿಮ್ಮ ಆಟದಾಗ. ಒಬ್ಬಾಂವ ಅಲ್ಲ, ಇಬ್ರು. ಒಬ್ಬಾಂವ ಕೆಳಗ ನಿಂತಾನ.”

ನಿಜವಾಗಿ ಇಬ್ಬರಿದ್ದರು. ಒಬ್ಬ ಕೆಳಗೆ ನಿಂತಿದ್ದ. ಇಪ್ಪತ್ತು ವರ್ಷ ನಳದಲ್ಲಿ ನೀರು ಬಂತೇ, ಹಾಲಿನವನು ಬಂದನೇ, ಮಗ ಕಳ್ಳಹೆಜ್ಜೆಯಲ್ಲಿ ಹೊರಗೆ ಹೋದನೇ ಎಂದು ಕಿವಿಯಿಂದಲೇ ಮನೆ ಕಾಯ್ದವಳಿಗೆ ಕೊರಿಯಾದ ಎಂಜಿನಿಯರುಗಳು ಮಾಡಿದ ಸಪ್ಪಳ ಯಾವ ಲೆಕ್ಕ! ಆಟವನ್ನು ಅವಳು ಈ ತನಕ ಮುಟ್ಟಿಲ್ಲ. ಆದರೆ ಆಮೇಲೆ ನಾನು ಹೊಸ ಇಯರ್‌ಫೋನು ತರಲಿಲ್ಲ, ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲೇ ಕುಂತು ಆಡುತ್ತೇನೆ. ಮನೆಯಲ್ಲಿ ಮಾತುಕತೆ ಹೆಚ್ಚಾಗಿದೆ ಎಂದು ಮಗ ಸಂತೋಷಪಟ್ಟಿದ್ದಾನೆ.

ಇನ್ನು ಹಣಿಕಿ ಹಾಕುವ ಪ್ರಶ್ನೆ. ಅಳಿಯನ ಪ್ರಕಾರ ನನ್ನ ಎಲ್ಲ ಮರಣಗಳಿಗೂ ಕಾರಣ ಒಂದೇ: ಗೋಡೆಯ ಹಿಂದೆ ಇದ್ದವನು ಗುಂಡು ಎಲ್ಲಿಂದ ಬಂತೆಂದು ನೋಡಲು ತಲೆ ಹೊರಹಾಕುವುದು. ಇತಿಹಾಸದ ಮಾಸ್ತರನಿಗೆ ಗುಂಡು ಬಂದರೆ ಅದರ ಮೂಲ ತಿಳಿಯುವ ಕುತೂಹಲ ಇರುವುದು ಸಹಜ. “ಹಣಿಕಿ ಹಾಕಬ್ಯಾಡ್ರಿ ಮಾಮ!” ಎಂದು ಅವನು ಚೀರುವುದು, ನಾನು ಹಾಕುವುದು, ಢಂ. ಈ ಆಟದಲ್ಲಿ ಕ್ಯಾಮೆರಾ ನಮ್ಮ ಬಲಭುಜದ ಹಿಂದೆ ಮೇಲೆ ಕುಂತಿರುತ್ತದೆ. ಹಾಗಾಗಿ ಗೋಡೆಯ ಬಲ ಅಂಚಿನಿಂದ ವಾಲಿ ಹೊಡೆದರೆ ನಮ್ಮ ಮೈ ಕಡಿಮೆ ಕಾಣುತ್ತದೆ, ಎಡ ಅಂಚಿನಿಂದ ಹೊಡೆದರೆ ಅರ್ಧ ಮೈ ಹೊರಗೆ. ಇನ್ನೂ ಮಜಾ ಏನೆಂದರೆ, ಗೋಡೆಯ ಹಿಂದೆ ಸುಮ್ಮನೆ ನಿಂತು ಕ್ಯಾಮೆರಾ ಮಾತ್ರ ತಿರುಗಿಸಿದರೆ ಮೂಲೆಯಾಚೆ ಇರುವವನು ನಮಗೆ ಕಾಣುತ್ತಾನೆ, ನಾವು ಅವನಿಗೆ ಕಾಣುವುದಿಲ್ಲ. ಅಂದರೆ ತಲೆ ಒಳಗಿಟ್ಟು ಕಣ್ಣು ಮಾತ್ರ ಹೊರಗೆ ಕಳಿಸುವ ಸೌಲಭ್ಯ.

ಈ ಸೌಲಭ್ಯ 1520ರಲ್ಲಿ ಇರಲಿಲ್ಲ. ದ್ವಿತೀಯ ವರ್ಷದ ಮಕ್ಕಳಿಗೆ ರಾಯಚೂರು ಕದನ ಹೇಳುತ್ತಿದ್ದೆ. ಪ್ರತಿವರ್ಷ ಹೇಳುವ ಪಾಠ. ಮೇ 19, ಕೃಷ್ಣದೇವರಾಯ, ಇಸ್ಮಾಯಿಲ್ ಆದಿಲ್ ಶಾ, ಬಯಲಿನಲ್ಲಿ ಸೋತ ಆದಿಲ್ ಶಾ ನದಿ ದಾಟಿ ಪಾರಾದದ್ದು. ಹಿಂದಿನ ಬೆಂಚು ಎಂದಿನಂತೆ ಮಲಗಿತ್ತು. ಆಗ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಭಾಗಕ್ಕೆ ಬಂದೆ. ಬಯಲಲ್ಲಿ ಗೆದ್ದರೂ ಕೋಟೆ ಬಗ್ಗಲಿಲ್ಲ. ಕೆಳಗಿನಿಂದ ಬರುವ ಕಲ್ಲು, ಬಾಣ ತಟ್ಟವೆಂಬ ಧೈರ್ಯದಲ್ಲಿ ಕೋಟೆಯವರು ಗೋಡೆಯ ಮೇಲೆ ಮೈ ಚಾಚಿ ನಿಲ್ಲುತ್ತಿದ್ದರು. ಆಗ ಫಿಗೆರೆಡೊ ಎಂಬ ಪೋರ್ಚುಗೀಸನು ಇಪ್ಪತ್ತು ಬಂದೂಕುಧಾರಿಗಳ ಜೊತೆ ರಾಯನ ಬೀಡಿಗೆ ಬಂದ. ಬಂದವನು ಕೆಳಗೆ ಕುಂತು, ಗೋಡೆಯ ಮೇಲೆ ತಲೆ ಕಂಡ ಕಂಡಲ್ಲಿ ಹೊಡೆಯತೊಡಗಿದ. ಗೋಡೆ ಖಾಲಿಯಾಯಿತು. ಕೋಟೆಯ ಅಧಿಕಾರಿಗೆ ತಡೆಯಲಿಲ್ಲ. ಈ ಫಿಗೆರೆಡೊ ಎಲ್ಲಿದ್ದಾನೆ ನೋಡಿಯೇ ಬಿಡೋಣ ಎಂದು ತೆನೆಗಳ ನಡುವೆ ಮೈ ತೂರಿಸಿ ಹಣಿಕಿ ಹಾಕಿದ. ಗುಂಡು ನಡುಹಣೆಗೆ ಬಿತ್ತು. ಮರುದಿನ ಕೋಟೆ ಶರಣಾಯಿತು.

ಹಿಂದಿನ ಬೆಂಚು ಎದ್ದು ಕುಂತಿತ್ತು. “ಹೆಡ್‌ಶಾಟ್ ಏನ್ರಿ ಸರ?” ಎಂದು ಒಬ್ಬ. “ಹೆಲ್ಮೆಟ್ ಲೆವೆಲ್ ಎಷ್ಟಿತ್ರಿ?” ಎಂದು ಇನ್ನೊಬ್ಬ. “ಫಿಗೆರೆಡೊ ಕ್ಯಾಂಪ್ ಮಾಡ್ಯಾನ್ರಿ, ಅದು ಮೋಸ,” ಎಂದು ಮೂರನೆಯವನ ತೀರ್ಪು. ಆ ವರ್ಷದ ಪರೀಕ್ಷೆಯಲ್ಲಿ ರಾಯಚೂರು ಕದನದ ಪ್ರಶ್ನೆಯನ್ನು ಯಾರೂ ಬಿಟ್ಟಿರಲಿಲ್ಲ. ಒಬ್ಬ ಮಾತ್ರ ಕದನದ ಪರಿಣಾಮಗಳು ಎಂಬಲ್ಲಿ ‘ಕೋಟೆಯ ಲೂಟ್ ವಿಜಯನಗರದ ಸ್ಕ್ವಾಡಿಗೆ ಸಿಕ್ಕಿತು’ ಎಂದು ಬರೆದಿದ್ದ. ಒಂದು ಅಂಕ ಕಳೆಯಬೇಕೆಂದುಕೊಂಡೆ. ಏನೆಂದು ಕಾರಣ ಕೊಡುವುದು, ವಿಷಯ ಸರಿಯಾಗಿಯೇ ಇತ್ತು.

ಪಾಠ ಹೇಳಿ ಬಂದ ರಾತ್ರಿಯಿಂದ ಗೋಡೆಯ ಹಿಂದೆ ನನ್ನ ತಲೆ ತಾನಾಗಿ ತಗ್ಗತೊಡಗಿತು. ಅಳಿಯನಿಗೂ ಒಂದು ಪಾಠ ಬೇಕಿತ್ತು, ಅವನ ರೋಗ ಬೇರೆ. ಲಿಂಗಸುಗೂರು ಹಿಂದೆ ಛಾವಣಿ ಊರು, ಹೈದರಾಬಾದ್ ಕಾಂಟಿಂಜೆಂಟಿನ ದಂಡು ಬೀಡುಬಿಟ್ಟ ಜಾಗ. ಆ ನೆಲದ ಗುಣವೋ ಏನೋ, ಗುಂಡಿನ ಸದ್ದು ಕೇಳಿದರೆ ಸಾಕು, “ರಶ್ ಮಾಡ್ರಿ” ಎಂದು ನುಗ್ಗುವುದು. ಅದರಲ್ಲೂ ಏರ್‌ಡ್ರಾಪು ಎಂದರೆ ಕಣ್ಣು ಕತ್ತಲೆ. ಆಕಾಶದಿಂದ ಪೆಟ್ಟಿಗೆ ಇಳಿಯುತ್ತದೆ, ಅದರಲ್ಲಿ ಬೇರೆಲ್ಲೂ ಸಿಗದ ಎಡಬ್ಲ್ಯುಎಂ ಬಂದೂಕು ಇರಬಹುದು, ಹುಲ್ಲಿನಂಥ ಗಿಲ್ಲಿ ಅಂಗಿ ಇರಬಹುದು. ಕೆಂಪು ಹೊಗೆ ಉಗುಳುತ್ತ ಕುಂತ ಆ ಪೆಟ್ಟಿಗೆಯನ್ನು ಸುತ್ತಲಿನ ಗುಡ್ಡಗಳ ಮೇಲಿಂದ ಎಲ್ಲರೂ ನೋಡುತ್ತಿರುತ್ತಾರೆ. ಮುಟ್ಟಲು ಹೋದವನನ್ನು ಹೊಡೆಯುವುದು ಪೆಟ್ಟಿಗೆ ಗೆಲ್ಲುವುದಕ್ಕಿಂತ ಸುಲಭ.

ಅವನ ಮನೆಯಿಂದ ಬೈಕಿನಲ್ಲಿ ಹೋಗುವಷ್ಟು ಹತ್ತಿರ ಮುದಗಲ್ಲ. ಅವನಿಗೆ ಅಲ್ಲಿಯ ಕತೆಯನ್ನೇ ಹೇಳಿದೆ. ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ: ಮುದಗಲ್ಲಿನಲ್ಲಿ ಒಬ್ಬ ಅಕ್ಕಸಾಲಿಗನ ಮಗಳಿದ್ದಳು, ಅವಳ ಚೆಲುವಿನ ಸುದ್ದಿ ವಿಜಯನಗರದ ಒಂದನೇ ದೇವರಾಯನ ಕಿವಿಗೆ ಬಿತ್ತು. ಹೆಣ್ಣು ಕೇಳಿದರೆ ಹುಡುಗಿ ಒಲ್ಲೆ ಎಂದಳು. 1406ರ ಸುಮಾರಿಗೆ ರಾಯ ನದಿ ದಾಟಿಸಿ ಕುದುರೆಗಳನ್ನು ನುಗ್ಗಿಸಿದ. ಸುದ್ದಿ ಮೊದಲೇ ಹಬ್ಬಿ ಊರ ಜನ ಓಡಿಹೋಗಿದ್ದರು, ಹುಡುಗಿಯ ಮನೆಯವರೂ ಜೊತೆಗೆ. ಖಾಲಿ ಊರು ಕಂಡು ದಂಡು ಸುತ್ತಲಿನ ಹಳ್ಳಿ ದೋಚಿಕೊಂಡು ತಿರುಗಿ ಹೊರಟಾಗ ಬಹಮನಿಯ ಕಡೆಯವರು ಹಿಂದಿನಿಂದ ಬಿದ್ದು ಬಡಿದರು. ಅಲ್ಲಿಗೆ ಮುಗಿಯಲಿಲ್ಲ, ಬಹಮನಿ ಸುಲ್ತಾನ ಫಿರೋಜ್ ಷಾ ಅದನ್ನೇ ನೆಪ ಮಾಡಿಕೊಂಡು ದಂಡೆತ್ತಿ ಬಂದ, ರಾಯ ಬಂಕಾಪುರ ಕೊಟ್ಟು ರಾಜಿಯಾದ, ಹುಡುಗಿ ಕಡೆಗೆ ಫಿರೋಜನ ಮಗನನ್ನು ಮದುವೆಯಾದಳು.

ಅಳಿಯ ಬಹಳ ಹೊತ್ತು ಸುಮ್ಮನಿದ್ದ. “ಥರ್ಡ್ ಪಾರ್ಟಿ ಆತಲ್ರಿ ಮಾಮ,” ಎಂದ ಕಡೆಗೆ. ಇಬ್ಬರು ಹೊಡೆದಾಡುವಾಗ ಮೂರನೆಯವನು ಬಂದು ಇಬ್ಬರನ್ನೂ ಮುಗಿಸುವುದಕ್ಕೆ ಅವರ ಭಾಷೆಯಲ್ಲಿ ಹಾಗೆನ್ನುತ್ತಾರೆ. ಅಂದಿನಿಂದ ಅವನು ಏರ್‌ಡ್ರಾಪಿನ ಹತ್ತಿರ ಹೋಗುವುದಿಲ್ಲ, ದೂರದ ಕಲ್ಲಿನ ಹಿಂದೆ ಕುಂತು ಬರುವವರನ್ನು ಕಾಯುತ್ತಾನೆ. ಅವನ ಫಿನಿಶ್‌ಗಳು ಏರಿದವು. ಅಕ್ಕನಿಗೆ ವರದಿ ಕೊಟ್ಟೆ: “ಹುಡುಗ ಈಗ ಇತಿಹಾಸ ಓದಾಕತ್ತಾನ.” ಅಕ್ಕ ದೇವರಿಗೆ ಕಾಯಿ ಒಡೆಸಿದಳು.

ಎಲ್ಲರಿಗಿಂತ ವಿಚಿತ್ರ ಮಸ್ಕಿಯ ಗೆಳೆಯ. ಅವನು ಹೊಡೆಯುವುದೇ ಇಲ್ಲ. ವಿಮಾನ ಹೊರಟಲ್ಲಿಂದ ದೂರದ, ಯಾರೂ ಇಳಿಯದ ಒಂಟಿ ಮನೆಯಲ್ಲಿ ಇಳಿಯುತ್ತಾನೆ. ಬಚ್ಚಲುಮನೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಾನೆ. ಗೆರೆ ಹತ್ತಿರ ಬಂದಾಗ ಎದ್ದು ಮುಂದಿನ ಬಚ್ಚಲಿಗೆ ಹೋಗುತ್ತಾನೆ. ಬೆನ್ನಿಗೆ ಬಾಣಲೆ. ಈ ಆಟದಲ್ಲಿ ಬಾಣಲೆಗೆ ಗುಂಡು ತಾಗಿದರೆ ಠಣ್ ಎಂದು ಸಿಡಿದು ಹೋಗುತ್ತದೆ, ಅದನ್ನು ತೂರುವ ಗುಂಡೇ ಇಲ್ಲ. ಹೀಗೆ ಒಬ್ಬರನ್ನೂ ಹೊಡೆಯದೆ ನೂರರಲ್ಲಿ ಹತ್ತರೊಳಗೆ ಬರುವುದು ಅವನ ನಿತ್ಯದ ಸಾಧನೆ. ಅಳಿಯನಿಗೆ ಇದು ಮೈಯೆಲ್ಲ ಉರಿ. “ಅಂಕಲ್, ಒಂದಾರ ಗುಂಡು ಹಾರಸ್ರಿ,” ಎಂದರೆ ಗೆಳೆಯ, “ನಾವು ಅಶೋಕನ ಊರಾವ್ರಪಾ, ನಮ್ಗದೆಲ್ಲ ಆಗಂಗಿಲ್ಲ,” ಎನ್ನುತ್ತಾನೆ.

ಅವನಿಗೆ ಆ ಮಾತು ಹೇಳುವ ಹಕ್ಕಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಚಿನ್ನ ಹುಡುಕುತ್ತ ಮಸ್ಕಿಯ ಗುಡ್ಡ ಹತ್ತಿ ಬಂಡೆಯ ಮೇಲೆ ಅಕ್ಷರ ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಹೆಸರಿರಲಿಲ್ಲ. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಐಡಿ ಮುಚ್ಚಿಟ್ಟು ಆಡುತ್ತಿದ್ದ ದೊಡ್ಡ ಆಟಗಾರನ ನಿಜನಾಮ ಬಯಲಾದಂತಾಯಿತು. ಆದರೆ ಅಳಿಯನೂ ನನ್ನ ಅಳಿಯನೇ. ಎಲ್ಲೋ ಓದಿಕೊಂಡು ಬಂದು, “ಅಂಕಲ್, ರಾಜೇಂದ್ರ ಚೋಳ ಜಯಸಿಂಹನ್ನ ಸೋಲ್ಸಿದ ಮುಸಂಗಿ ಅಂದ್ರ ನಿಮ್ಮ ಮಸ್ಕೀನ ಅಂತಲ್ರಿ? ಅಲ್ಲಿ ಬೆನ್ನು ತೋರ್ಸಿ ಓಡ್ಯಾರಂತ,” ಎಂದು ಚುಚ್ಚಿದ. ಮುಸಂಗಿ ಎಂದರೆ ಮಸ್ಕಿ ಎಂದು ಹಲವರು ಹೇಳುವುದುಂಟು. ಜಯಸಿಂಹ ಬೆನ್ನು ತೋರಿಸಿದ ಎಂದು ಬರೆದದ್ದು ಚೋಳರ ಶಾಸನ. ಜಯಸಿಂಹನ ಕಡೆಯ ಶಾಸನ ತೆಗೆದು ನೋಡಿದರೆ ಅವನು ರಾಜೇಂದ್ರ ಚೋಳನೆಂಬ ಆನೆಗೆ ಸಿಂಹ. ಗೆಳೆಯ ನಿಧಾನಕ್ಕೆ ಉತ್ತರ ಕೊಟ್ಟ: “ಬೆನ್ನು ತೋರ್ಸಿದ್ರ ಏನಾತು? ಬಾಣಲಿ ಇರೋದು ಬೆನ್ನಿಗೇ ಅಲ್ಲೇನು.”

ಶ್ರಾವಣದ ಒಂದು ರಾತ್ರಿ. ಅಳಿಯ ದಾರಿಯುದ್ದಕ್ಕೂ ಒಂಬತ್ತು ಮಂದಿಯನ್ನು ಮುಗಿಸಿದ್ದ. ಹಿಂದಿಯವನು ಎಂದಿನಂತೆ ಮೊದಲೇ ಹೋಗಿ ಬೈಗುಳದಲ್ಲಿ ಮಾತ್ರ ಜೀವಂತವಿದ್ದ. ಕಡೆಯ ವರ್ತುಲದಲ್ಲಿ ಒಂದು ಕಲ್ಲಿನ ಹಿಂದೆ ನಾವು ಮೂವರು, ಆಚೆ ಒಂದು ಮರದ ಹಿಂದೆ ಉಳಿದ ಒಬ್ಬನೇ ಒಬ್ಬ. ಅಳಿಯ ನುಗ್ಗುತ್ತೇನೆಂದ. ಕುಂದ್ರು ಎಂದೆ. ಅವನು ಕುಂತ, ಇದು ದಾಖಲಿಸಬೇಕಾದ ಸಂಗತಿ. ಮರದ ಹಿಂದಿನವನೂ ಹಣಿಕಿ ಹಾಕಲಿಲ್ಲ. ಅವನಿಗೂ ಯಾರೋ ಮಾಸ್ತರು ಪಾಠ ಹೇಳಿರಬೇಕು. ಅಡುಗೆಮನೆಯಿಂದ, “ಅಂವ ಮಲ್ಕೊಂಡಾನ್ರಿ, ಸರ್ಯಾಕತ್ತಿಲ್ಲ,” ಎಂದು ಸುದ್ದಿ ಬಂತು. ನೀಲಿ ಗೆರೆ ಕುಗ್ಗುತ್ತ ಬಂದು ಕಲ್ಲನ್ನೂ ಮರವನ್ನೂ ನುಂಗಿತು. ಎಲ್ಲರ ಜೀವವೂ ಸೋರತೊಡಗಿತು. ಈಗ ಬಂದೂಕಿಗೆ ಕೆಲಸವಿಲ್ಲ, ಯಾರ ಬಳಿ ಔಷಧಿ ಹೆಚ್ಚಿದೆಯೋ ಅವರು ಉಳಿಯುತ್ತಾರೆ. ನನ್ನ ಹತ್ತಿರ ಒಂದು ಬ್ಯಾಂಡೇಜು, ಅಳಿಯನ ಹತ್ತಿರ ಅದೂ ಇಲ್ಲ, ಅವನ ಚೀಲದ ತುಂಬ ಗುಂಡು. ನಾವಿಬ್ಬರೂ ನೆಲಕ್ಕೆ ಬಿದ್ದೆವು. ಮಸ್ಕಿಯವನು ತನ್ನ ಚೀಲ ಬಿಚ್ಚಿದ. ಹತ್ತಾರು ಬಚ್ಚಲುಮನೆಗಳಿಂದ ಒಟ್ಟುಮಾಡಿದ ಫಸ್ಟ್ ಏಡ್ ಕಿಟ್ಟುಗಳು, ಮೆಡ್ ಕಿಟ್ಟುಗಳು, ಪೇನ್‌ಕಿಲ್ಲರ್ ಡಬ್ಬಿಗಳು, ಎನರ್ಜಿ ಡ್ರಿಂಕು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ನಡೆಸುವಷ್ಟಿತ್ತು. ಒಂದಾದ ಮೇಲೊಂದು ಹಚ್ಚಿಕೊಳ್ಳುತ್ತ, ಕುಡಿಯುತ್ತ ಕುಂತ. ಮರದ ಹಿಂದಿನವನ ಸ್ಟಾಕು ಮೊದಲು ಮುಗಿಯಿತು.

ವಿನ್ನರ್ ವಿನ್ನರ್ ಚಿಕನ್ ಡಿನ್ನರ್ ಎಂದು ಪರದೆ ತುಂಬ ಬಂತು. ಅಳಿಯ ಆ ಕಡೆ “ಚಿಕನ್ ಡಿನ್ನರ್! ಚಿಕನ್ ಡಿನ್ನರ್!” ಎಂದು ಕೋಣೆ ಹಾರಿಹೋಗುವಂತೆ ಕೂಗಿದ. ಎರಡು ನಿಮಿಷದಲ್ಲಿ ಅಕ್ಕನ ಫೋನು. “ಏನೋ ತಮ್ಮಾ ಇದು? ಶ್ರಾವಣ ಸೋಮವಾರ, ನಮ್ಮನಿ ಹುಡುಗ ಕೋಳಿ ಊಟ ಬೇಕಂತ ಬಾಯಿ ಬಡ್ಕೊಳ್ಳಾಕತ್ತಾನ. ಇದನ್ನ ಏನು ನೀ ಕಲಿಸಿದ್ದು?” ಅದು ಗೆಲುವಿನ ಹೆಸರು, ತಿನ್ನುವುದಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ಅಯ್ಯನವರನ್ನು ಕೇಳದೆ ನಂಬಲು ತಯಾರಿರಲಿಲ್ಲ.

ಮರುದಿನ ಅಳಿಯ ಫಲಿತಾಂಶದ ಪರದೆಯ ಫೋಟೋ ತನ್ನ ಗೆಳೆಯರಿಗೆಲ್ಲ ಕಳಿಸಿದ್ದಾನೆಂದು ತಿಳಿಯಿತು. ಗುಡಿ ಕಟ್ಟೆಯ ಹುಡುಗನೊಬ್ಬ ನನಗೂ ತೋರಿಸಿದ. ಅಳಿಯನ ಹೆಸರು, ಒಂಬತ್ತು ಫಿನಿಶ್, ಮೇಲೆ ಕಿರೀಟ. ಕೆಳಗೆ ನನ್ನ ಹಾಗೂ ಮಸ್ಕಿಯವನ ಸಾಲುಗಳಿರಬೇಕಾದಲ್ಲಿ, ಇಬ್ಬರದೂ ಸೊನ್ನೆ ಎಂಬ ಕಾರಣಕ್ಕೆ, ನೀಟಾಗಿ ಕತ್ತರಿಸಿದ್ದ. ಸಿಟ್ಟು ಬಂದು ಗೆಳೆಯನಿಗೆ ಫೋನು ಮಾಡಿದೆ. ಅವನು ಗುಡ್ಡದ ಕೆಳಗಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದ, ಅಗಿಯುವುದು ನಿಲ್ಲಿಸಲಿಲ್ಲ.

“ಕತ್ತರಿಸ್ಲಿ ಬಿಡೋ ದೋಸ್ತಾ. ನಮ್ಮೂರ ಗುಡ್ಡದಾಗ ಕಲ್ಲಿಗೇನು ಬರಗಾಲ ಬಂದೈತೇನು?”